ಕೆಟಲ್ ಮೊರೇನ್
ಕೆಟಲ್ ಮೊರೇನ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಗ್ನೇಯ ಭಾಗದಲ್ಲಿ ಹಿಮನದಿಗಳು ಬಿಟ್ಟುಹೋದ ಗುಡ್ಡಸಾಲು. ಕೊನೆಯ ಹಿಮಯುಗದಲ್ಲಿ, 15,000 ವರ್ಷಗಳಿಗೂ ಹಿಂದೆ, ಲಾರೆಂಟೈಡ್ ಹಿಮಹಾಸಿನ ಎರಡು ಕವಲುಗಳು ಇಲ್ಲಿ ಸಂಧಿಸಿದ್ದವು. ಅವು ಹೊತ್ತುತಂದ ಮರಳು, ಜಲ್ಲಿ, ಬಂಡೆಗಳು ನಡುವೆ ರಾಶಿಬಿದ್ದವು.

ಹೆಸರಿಗೆ ಕಾರಣವಾದ 'ಕೆಟಲ್' ಎಂಬ ಕುಳಿಗಳನ್ನು ಹಿಮನದಿ ಕೊರೆದ ಹಳ್ಳಗಳೆಂದು ಭಾವಿಸುವುದುಂಟು, ಅದು ಸರಿಯಲ್ಲ. ಹಿಂದೆ ಸರಿಯುತ್ತಿದ್ದ ಹಿಮನದಿಯಿಂದ ಬೇರ್ಪಟ್ಟ ಹಿಮಗಡ್ಡೆಗಳು ಜಲ್ಲಿಯಡಿ ಹೂತುಹೋಗಿದ್ದವು. ಅವು ನಿಧಾನವಾಗಿ ಕರಗಿದಂತೆ ಮೇಲಿನ ನೆಲ ಕುಸಿಯಿತು. ಕೆಲವು ಕುಳಿಗಳು ಇಂದು ಕೆರೆ ಅಥವಾ ಜೌಗು, ಉಳಿದವು ಒಣ ಹೊಂಡಗಳು. ಹೋಲಿ ಹಿಲ್ ಇದಕ್ಕೆ ತದ್ವಿರುದ್ಧ: ಕರಗಿದ ನೀರು ಹಿಮದ ರಂಧ್ರದಲ್ಲಿ ಇಳಿದು ಪೇರಿಸಿದ ಜಲ್ಲಿಗುಡ್ಡ.

ಇದೇ ಜಲ್ಲಿ ರಸ್ತೆ, ಕಟ್ಟಡಗಳಿಗೂ ಬೇಕು. ಅಗೆದು ಸಾಗಿಸಿದ ಗುಡ್ಡ ಮರಳಿ ರೂಪುಗೊಳ್ಳದು. ಸಾಲಿನ ಕೆಲವು ಭಾಗಗಳು ರಾಜ್ಯ ಅರಣ್ಯವಾಗಿ ರಕ್ಷಿತವಾಗಿವೆ.