ಬೀಟಲ್ಸ್ ತಂಡದ ‘ಪಾಸ್ಟ್ ಮಾಸ್ಟರ್ಸ್’: ಒಂದು ಶೇಷಸಂಗ್ರಹದ ವಿಚಾರ

ಒಬ್ಬ ಕವಿಯ ಸಮಗ್ರ ಕೃತಿಗಳನ್ನು ಸಂಪಾದಿಸಲು ತೊಡಗಿದವನಿಗೆ ದೊಡ್ಡ ಗ್ರಂಥಗಳಿಂದ ಒದಗುವ ತೊಡಕು ಅಷ್ಟಾಗಿ ಇಲ್ಲ. ನಿಜವಾದ ತೊಡಕು ಬರುವುದು ಯಾವ ಗ್ರಂಥದೊಳಗೂ ಸೇರದೆ ಪತ್ರಿಕೆಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ಚೆದುರಿ ಉಳಿದ ಬಿಡಿ ರಚನೆಗಳಿಂದ. ಅವನ್ನು ಕೈಬಿಡುವಂತಿಲ್ಲ, ಸೇರಿಸೋಣವೆಂದರೆ ಅವಕ್ಕೆ ಗೊತ್ತಾದ ಸ್ಥಾನವಿಲ್ಲ. ಕಡೆಗೆ ‘ಅನುಬಂಧ’ವೆಂಬ ತಲೆಬರಹದ ಕೆಳಗೆ ಅವಕ್ಕೊಂದು ಮೂಲೆ ದೊರೆಯುತ್ತದೆ. ಇಂಗ್ಲೆಂಡು ಅಮೆರಿಕಗಳ ರಾಕ್ ಸಂಗೀತದಲ್ಲಿ ಈ ಅನುಬಂಧವೇ ಬೆಳೆದು ಒಂದು ಸ್ವತಂತ್ರ ಪ್ರಕಟಣಪ್ರಕಾರವಾಗಿದೆ. ದಿ ಹೂ ತಂಡದ ‘ಆಡ್ಸ್ ಅಂಡ್ ಸಾಡ್ಸ್’ (1974), ಆರ್.ಇ.ಎಂ. ತಂಡದ ‘ಡೆಡ್ ಲೆಟರ್ ಆಫೀಸ್’ (1987), ಒಯೇಸಿಸ್ ತಂಡದ ‘ದಿ ಮಾಸ್ಟರ್‌ಪ್ಲಾನ್’ (1998) ಇವೆಲ್ಲವೂ ಈ ಜಾತಿಗೆ ಸೇರಿದವು. ಆದರೆ ಈ ಪ್ರಕಾರದ ಸ್ವರೂಪವನ್ನು ತಿಳಿಯಲು, ಬೀಟಲ್ಸ್ ತಂಡದ ಹೆಸರಿನಲ್ಲಿ 1988ರ ಮಾರ್ಚ್ ತಿಂಗಳಲ್ಲಿ ಎರಡು ಸಂಪುಟಗಳಾಗಿ ಹೊರಬಂದ ‘ಪಾಸ್ಟ್ ಮಾಸ್ಟರ್ಸ್’ ಸಂಗ್ರಹದಷ್ಟು ಅನುಕೂಲವಾದುದು ಬೇರೊಂದಿಲ್ಲ. ಅದನ್ನು ಹಾಡುಗಳ ಗೊಂಚಲೆಂದು ಕೇಳುವುದು ಒಂದು ಬಗೆ. ಒಂದು ಕೃತಿಸಮೂಹದ ಸಂಪಾದನೆಯ ಫಲವೆಂದು ಪರಿಶೀಲಿಸುವುದು ಇನ್ನೊಂದು ಬಗೆ. ಪ್ರಸ್ತುತ ಲೇಖನದ ಉದ್ದೇಶ ಎರಡನೆಯದು.

ಮೊದಲು ತಟ್ಟೆಯ ವಿಚಾರ. 1960ರ ದಶಕದ ಇಂಗ್ಲೆಂಡಿನಲ್ಲಿ ಹಾಡುಗಳು ಮುಖ್ಯವಾಗಿ ಮೂರು ಆಕಾರಗಳಲ್ಲಿ ಮಾರಾಟವಾಗುತ್ತಿದ್ದವು. ನಿಮಿಷಕ್ಕೆ 45 ಸುತ್ತು ತಿರುಗುವ, ಏಳು ಅಂಗುಲದ, ಬದಿಗೊಂದು ಹಾಡುಳ್ಳ ‘ಸಿಂಗಲ್’. ಅದೇ ಅಳತೆಯಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡುಗಳನ್ನು ಹಿಡಿಸುವ ‘ಇ.ಪಿ.’, ನಿಮಿಷಕ್ಕೆ 33⅓ ಸುತ್ತು ತಿರುಗುವ, ಹನ್ನೆರಡು ಅಂಗುಲದ ‘ಎಲ್.ಪಿ.’. ಸಿಂಗಲ್ಲಿನ ಎರಡು ಬದಿಗಳಲ್ಲಿ ಆಕಾಶವಾಣಿಯವರು ನುಡಿಸಲೆಂದೂ ಕೊಳ್ಳುವವರು ಕೇಳಿ ಬರಲೆಂದೂ ಉದ್ದೇಶಿಸಿದ್ದು ‘ಎ’ ಬದಿ. ಅದರ ಬೆನ್ನಿಗೆ ಇರುವುದು ‘ಬಿ’ ಬದಿ. ತಟ್ಟೆಗೆ ಎರಡು ಮುಖಗಳಿರುವುದರಿಂದ ಇನ್ನೊಂದು ಮುಖದಲ್ಲಿ ಏನನ್ನಾದರೂ ಮುದ್ರಿಸಲೇಬೇಕಾಗಿತ್ತು ಎಂಬುದೇ ಅದರ ಹುಟ್ಟಿಗೆ ಕಾರಣ. ಹೀಗೆಂದು ಹಿಂಬದಿಯ ಹಾಡನ್ನು ಕೀಳೆಂದು ಭಾವಿಸುವುದು ಸರಿಯಲ್ಲ. ತಟ್ಟೆಯೊಂದು ಮಾರಾಟವಾದರೆ ರಚನಕಾರರಿಗೆ ಸಲ್ಲುವ ಗೌರವಧನ ಎರಡು ಬದಿಗಳಿಗೂ ಸಮನಾಗಿ ಹಂಚಿಹೋಗುತ್ತಿತ್ತು. ಯಾರೂ ಬೇಡದ ಹಾಡೂ ಜನಪ್ರಿಯವಾದ ಹಾಡಿನ ಬೆನ್ನೇರಿ ಮನೆಮನೆಯನ್ನು ಹೊಗಬಹುದಾಗಿತ್ತು. ಆದಕಾರಣ ಹಿಂಬದಿಯಲ್ಲಿ ಯಾರ ರಚನೆ ಸೇರಬೇಕೆಂಬುದು ತಂಡಗಳೊಳಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಬೀಟಲ್ಸ್ ತಂಡದವರು 1962ರ ಅಕ್ಟೋಬರಿನಿಂದ 1970ರ ಮಾರ್ಚಿನವರೆಗೆ ಇಂಗ್ಲೆಂಡಿನಲ್ಲಿ 22 ಸಿಂಗಲ್ಲುಗಳನ್ನು ಪ್ರಕಟಿಸಿದರು. ಸಿಂಗಲ್ಲಿನಲ್ಲಿ ಬಂದ ಹಾಡನ್ನು ಮತ್ತೆ ಎಲ್.ಪಿ.ಯಲ್ಲಿ ಸೇರಿಸಿ, ಒಂದೇ ಸರಕಿಗೆ ಎರಡು ಸಲ ಹಣ ಕೇಳಬಾರದೆಂಬ ಭಾವನೆ ಅಲ್ಲಿ ಸಾಮಾನ್ಯವಾಗಿತ್ತು. ಪರಿಣಾಮವಾಗಿ ತಂಡದ ಅತ್ಯಂತ ಪ್ರಸಿದ್ಧವಾದ ಹಲವು ಹಾಡುಗಳು ಯಾವ ಎಲ್.ಪಿ.ಯಲ್ಲಿಯೂ ಇರಲಿಲ್ಲ. ಅಮೆರಿಕದ ಕ್ಯಾಪಿಟಲ್ ಸಂಸ್ಥೆಯ ಪದ್ಧತಿಯೇ ಬೇರೆ. ಅಲ್ಲಿ ಬ್ರಿಟಿಷ್ ಎಲ್.ಪಿ.ಗಳನ್ನು ಒಡೆದು, ಸಿಂಗಲ್ಲುಗಳನ್ನು ಅವುಗಳೊಳಗೆ ತುರುಕಿ, ಹೊಸ ಹೆಸರುಗಳಲ್ಲಿ ಹೆಚ್ಚು ತಟ್ಟೆಗಳನ್ನು ಮಾಡುತ್ತಿದ್ದರು. 1987ರಲ್ಲಿ ಈ ಕೃತಿಸಮೂಹವನ್ನು ಕಾಂಪ್ಯಾಕ್ಟ್ ಡಿಸ್ಕುಗಳಿಗೆ ತರುವ ಕಾಲ ಬಂದಾಗ ಪ್ರಪಂಚಕ್ಕೆಲ್ಲ ಒಂದೇ ಪಾಠ ಇರತಕ್ಕದ್ದೆಂದು ತೀರ್ಮಾನವಾಯಿತು. ಬ್ರಿಟಿಷ್ ಎಲ್.ಪಿ.ಗಳು ಪ್ರಮಾಣವಾದವು, ಅವುಗಳ ಜೊತೆಗೆ, ಇಂಗ್ಲೆಂಡಿನಲ್ಲಿ ಜೋಡಿ ಇ.ಪಿ.ಯಾಗಿ ಬಂದಿದ್ದ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಮಾತ್ರ ಅಮೆರಿಕದ ಎಲ್.ಪಿ. ರೂಪದಲ್ಲಿ ಅಂಗೀಕೃತವಾಯಿತು. ಹೀಗೆ ಗೆರೆ ಎಳೆದ ಮೇಲೆ ಗೆರೆಯ ಹೊರಗೆ ಉಳಿದ ಧ್ವನಿಮುದ್ರಣಗಳು 33. ಮೊದಲ ಸಂಪುಟದಲ್ಲಿ 18, ಎರಡನೆಯದರಲ್ಲಿ 15 ಎಂದು ಅವನ್ನು ಕಾಲಾನುಕ್ರಮಕ್ಕೆ ಹತ್ತಿರವಾಗಿ ಹೊಂದಿಸಿದರು. ಹೆಸರಿನಲ್ಲಿ ಒಂದು ಶ್ಲೇಷೆಯೂ ಇದೆ. ‘ಪಾಸ್ಟ್ ಮಾಸ್ಟರ್’ ಎಂದರೆ ನುರಿತ ಪ್ರವೀಣ. ‘ಮಾಸ್ಟರ್’ ಎಂದರೆ ಧ್ವನಿಮುದ್ರಣದ ಮೂಲ ಟೇಪು.

ಈ 33ರ ಲೆಕ್ಕವನ್ನು ಬಿಡಿಸಿ ನೋಡುವುದು ಉಚಿತ. ಎ ಬದಿಯಲ್ಲಿ ಬಂದವು 13. ಬಿ ಬದಿಯವು 12. ಉಳಿದ 8ರಲ್ಲಿ 1964ರ ‘ಲಾಂಗ್ ಟಾಲ್ ಸ್ಯಾಲಿ’ ಎಂಬ ಇ.ಪಿ.ಯ ನಾಲ್ಕು, ಜರ್ಮನ್ ಭಾಷೆಯಲ್ಲಿ ಹಾಡಿದ ಎರಡು, ಅಮೆರಿಕದ ಮಾರುಕಟ್ಟೆಗಾಗಿ ಮುದ್ರಿಸಿದ ಒಂದು, ಧರ್ಮಾರ್ಥ ಸಂಕಲನಕ್ಕೆ ಕೊಟ್ಟ ಒಂದು. ಅಂದರೆ ‘ವಿರಳ’ವೆಂಬ ಹೆಸರು ಈ ಸಂಗ್ರಹದ ಅರ್ಧಕ್ಕೂ ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ 1977ರವರೆಗೆ ಅತ್ಯಧಿಕ ಮಾರಾಟದ ದಾಖಲೆಯನ್ನು ಹೊಂದಿದ್ದ ‘ಷೀ ಲವ್ಸ್ ಯೂ’ ಇಲ್ಲಿದೆ. ಹೆಚ್ಚಿನವರು ಕೇಳದೆಯೇ ಬಿಟ್ಟ ವಿನೋದಗೀತೆಯೂ ಇಲ್ಲಿದೆ. ನಮ್ಮ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಂಥ ಸಂಕಲನಗಳಲ್ಲಿ ಸಂಕಲನಕಾರನ ಅಭಿರುಚಿ ಪದ್ಯಗಳನ್ನು ಆರಿಸುತ್ತದೆ. ಇಲ್ಲಿ ಆರಿಸಿದವರು ಯಾರೂ ಇಲ್ಲ. ಬೇರೆಡೆ ಸ್ಥಳ ಸಿಕ್ಕದ್ದೇ ಅರ್ಹತೆ. ಆದುದರಿಂದ ಇದನ್ನು ಸಂಕಲನವೆನ್ನುವುದಕ್ಕಿಂತ ಶೇಷಸಂಗ್ರಹವೆನ್ನುವುದೇ ಮೇಲು. ವಿರಳತೆ ದೇಶವನ್ನು ಅವಲಂಬಿಸಿದ್ದೆಂಬುದನ್ನೂ ಮರೆಯಬಾರದು. ‘ಐ ಕಾಲ್ ಯುವರ್ ನೇಮ್’ ಇಂಗ್ಲೆಂಡಿನಲ್ಲಿ ಇ.ಪಿ.ಯ ಮೂಲೆಯಲ್ಲಿ ಅಡಗಿದ ಹಾಡು. ಅಮೆರಿಕದವರಿಗೆ ಅದಕ್ಕೂ ಮುಂಚೆಯೇ, 1964ರ ಏಪ್ರಿಲ್‌ನಲ್ಲಿ, ಎಲ್.ಪಿ.ಯಲ್ಲಿ ಕೈಸೇರಿದ ಹಾಡು.

ಶೇಷದ ಲಕ್ಷಣವನ್ನು ಅರಿಯದೆ ಈ ಸಂಪುಟಗಳನ್ನು ತಂಡದ ಬೆಳವಣಿಗೆಯ ಚರಿತ್ರೆಯೆಂದು ಕೇಳುವವನು ಮೋಸಹೋಗುತ್ತಾನೆ. ಎರಡನೆಯ ಸಂಪುಟದಲ್ಲಿ 1966ರ ‘ರೇನ್’ ಆದ ಕೂಡಲೆ 1968ರ ‘ಲೇಡಿ ಮಡೋನ’ ಬರುತ್ತದೆ. ನಡುವೆ 1967 ಇಲ್ಲವೇ ಇಲ್ಲ! ಆ ವರ್ಷ ತಂಡದವರು ಸುಮ್ಮನಿದ್ದರೆಂದಲ್ಲ. ಅವರ ಅತ್ಯಂತ ಸಾಹಸದ ಸಿಂಗಲ್ಲುಗಳು ಬಂದದ್ದು ಆಗಲೇ. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’, ‘ಪೆನಿ ಲೇನ್’ ಮೊದಲಾದ ಆ ವರ್ಷದ ಸಿಂಗಲ್ಲುಗಳನ್ನೆಲ್ಲ ಅಮೆರಿಕದವರು ‘ಮ್ಯಾಜಿಕಲ್ ಮಿಸ್ಟರಿ ಟೂರ್’ನಲ್ಲಿ ತುಂಬಿದ್ದರು, ಆ ರೂಪವೇ ಪ್ರಮಾಣವಾದ್ದರಿಂದ ಶೇಷಕ್ಕೆ ಏನೂ ಉಳಿಯಲಿಲ್ಲ. ಗ್ರಂಥದ ಮಧ್ಯದಲ್ಲಿ ಗರಿ ಲುಪ್ತವಾದಂತೆ ಕಾಣುವ ಈ ಎಡೆ ವಾಸ್ತವವಾಗಿ ಸಂಪಾದಕರ ಗೆರೆಯ ಗುರುತು.

ಇನ್ನು ಹಿಂಬದಿಯ ಹಾಡುಗಳು. ಮುಂಬದಿಯ ಮೇಲಿದ್ದ ವ್ಯಾಪಾರದ ಒತ್ತಡ ಹಿಂಬದಿಯ ಮೇಲೆ ಇರಲಿಲ್ಲ. ಪ್ರಯೋಗಕ್ಕೆ ಅದು ಹೇಳಿಮಾಡಿಸಿದ ಸ್ಥಳ. ‘ಪೇಪರ್‌ಬ್ಯಾಕ್ ರೈಟರ್’ ಹಾಡಿನ ಬೆನ್ನಿಗಿದ್ದ ‘ರೇನ್’ ಇದಕ್ಕೆ ಉತ್ತಮ ನಿದರ್ಶನ. 1966ರ ಏಪ್ರಿಲ್‌ನಲ್ಲಿ ವಾದ್ಯಭಾಗವನ್ನು ವೇಗವಾಗಿ ನುಡಿಸಿ, ಟೇಪನ್ನು ನಿಧಾನವಾಗಿ ಓಡಿಸಿದರು; ಅದರಿಂದ ಡ್ರಮ್ಮಿಗೂ ಗಿಟಾರಿಗೂ ಒಂದು ಬಗೆಯ ಭಾರ ಬಂದಿತು. ಜಾನ್ ಲೆನನ್ನರ ಕಂಠಕ್ಕೆ ಮಾಡಿದ್ದು ಇದಕ್ಕೆ ವಿರುದ್ಧ: ನಿಧಾನವಾಗಿ ಓಡುವ ಟೇಪಿನ ಮೇಲೆ ಹಾಡಿಸಿ, ಬಳಿಕ ವೇಗ ಹೆಚ್ಚಿಸಿದರು. ಹಾಡಿನ ಕೊನೆಯಲ್ಲಿ ಕೇಳುವ ಅರ್ಥವಾಗದ ಮಾತು ಲೆನನ್ನರ ಹಾಡುಗಾರಿಕೆಯನ್ನೇ ಹಿಂದುಮುಂದಾಗಿ ಓಡಿಸಿದ್ದು. ಇದು ಯಾರಿಗೆ ಮೊದಲು ಹೊಳೆಯಿತೆಂಬಲ್ಲಿ ಲೆನನ್ನರ ಹೇಳಿಕೆಗೂ ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಹೇಳಿಕೆಗೂ ಹೊಂದಿಕೆಯಿಲ್ಲ. ರಿಂಗೊ ಸ್ಟಾರ್ ತಮ್ಮ ಡ್ರಮ್‌ವಾದನದಲ್ಲಿ ಇದೇ ಅತ್ಯುತ್ತಮವೆಂದು ಹೇಳಿದ್ದಾರೆ. ಇಂಥದೊಂದು ರಚನೆ ಇಪ್ಪತ್ತೆರಡು ವರ್ಷ ಆ ತಂಡದ ಬ್ರಿಟಿಷ್ ಪ್ರಮಾಣಕೃತಿಗಳ ಹೊರಗಿತ್ತು.

ಭಾರತೀಯ ವಾಚಕರಿಗೆ ಹೆಚ್ಚು ಕುತೂಹಲದ್ದು ‘ಲೇಡಿ ಮಡೋನ’ದ ಹಿಂಬದಿಯಲ್ಲಿದ್ದ ‘ದಿ ಇನ್ನರ್ ಲೈಟ್’. ‘ವಂಡರ್‌ವಾಲ್’ ಎಂಬ ಚಲನಚಿತ್ರದ ಸಂಗೀತಕ್ಕಾಗಿ 1968ರ ಜನವರಿಯಲ್ಲಿ ಮುಂಬಯಿಗೆ ಬಂದಿದ್ದ ಜಾರ್ಜ್ ಹ್ಯಾರಿಸನ್, ಅಲ್ಲಿನ ಎಚ್.ಎಂ.ವಿ. ಸ್ಟುಡಿಯೋದಲ್ಲಿ ಈ ಹಾಡಿನ ವಾದ್ಯಭಾಗವನ್ನೂ ಮುದ್ರಿಸಿಕೊಂಡರು. ಸರೋದ್ ಆಶೀಷ್ ಖಾನರದು. ಪಖಾವಾಜ್ ಮಹಾಪುರುಷ ಮಿಶ್ರರದು. ಕೊಳಲು ಹರಿಪ್ರಸಾದ್ ಚೌರಾಸಿಯಾ ಅವರದು. ಕಂಠವನ್ನು ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಕೂಡಿಸಿದರು. ಸಾಹಿತ್ಯದ ಮೂಲ ಚೀನದ ಲಾವೋತ್ಸೆಯ ‘ತಾವೊ ತೆ ಚಿಂಗ್’ ಗ್ರಂಥದ 47ನೆಯ ಅಧ್ಯಾಯ. ಅದನ್ನು ಹಾಡಾಗಿಸಬಹುದೆಂದು ಸೂಚಿಸಿದವರು ಭಗವದ್ಗೀತೆಯನ್ನೂ ಉಪನಿಷತ್ತುಗಳನ್ನೂ ಇಂಗ್ಲಿಷಿಗೆ ತಂದ, ಸ್ಪೇನಿನಲ್ಲಿ ಹುಟ್ಟಿ ಕೇಂಬ್ರಿಜಿನಲ್ಲಿ ನೆಲೆಸಿದ ವಿದ್ವಾಂಸ ಹ್ವಾನ್ ಮಸ್ಕರೊ. ಎರಡೂವರೆ ನಿಮಿಷದ ಈ ರಚನೆಯಲ್ಲಿ ರಾಗವಿಸ್ತಾರವನ್ನು ಹುಡುಕುವುದು ವ್ಯರ್ಥ. ಆದರೆ ಪಾಶ್ಚಾತ್ಯ ಹಾಡಿಗೆ ಸಿತಾರನ್ನು ಒಗ್ಗರಣೆಯಂತೆ ಹಾಕುವ ಅಂದಿನ ಚಾಳಿಗಿಂತ ಇದು ಬೇರೆ. ಇಲ್ಲಿ ಗಿಟಾರು ಡ್ರಮ್ಮುಗಳಿಲ್ಲ. ವಾದ್ಯಗಳೆಲ್ಲ ಹಿಂದೂಸ್ಥಾನಿ ಪದ್ಧತಿಯವು, ನುಡಿಸಿದವರೂ ಅದೇ ಪರಂಪರೆಯವರು.

ಹ್ಯಾರಿಸನ್ನರ ರಚನೆಯೊಂದು ತಂಡದ ಸಿಂಗಲ್ಲಿನಲ್ಲಿ ಸ್ಥಾನ ಪಡೆದದ್ದು ಇದೇ ಮೊದಲು. ಲೆನನ್, ಪಾಲ್ ಮೆಕಾರ್ಟ್ನಿ ಇವರಿಬ್ಬರ ನೆರಳಿನಲ್ಲಿದ್ದ ಅವರಿಗೆ ಬಾಗಿಲು ತೆರೆದದ್ದು ಹಿಂಬದಿ. ಇದರಲ್ಲಿ ಸ್ವಲ್ಪ ಕಹಿಯೂ ಉಂಟು. 1969ರ ‘ಗೆಟ್ ಬ್ಯಾಕ್’ ಸಿಂಗಲ್ಲಿನ ಮೇಲೆ ಕೀಲಿಮಣೆ ನುಡಿಸಿದ ಬಿಲಿ ಪ್ರೆಸ್ಟನ್ನರ ಹೆಸರನ್ನು ತಂಡದ ಹೆಸರಿನೊಡನೆ ಅಚ್ಚು ಮಾಡಿದರು. ಮುಂಬಯಿಯ ಕಲಾವಿದರಿಗೆ ತಮ್ಮ ತಟ್ಟೆಯ ಚೀಟಿಯ ಮೇಲೆ ಆ ಭಾಗ್ಯ ದೊರೆಯಲಿಲ್ಲ.

ಪಾಠಾಂತರಗಳ ದೃಷ್ಟಿಯಿಂದ ಈ ಸಂಗ್ರಹ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸಪುಸ್ತಕವೇ ಸರಿ. ಮೊದಲನೆಯ ಹಾಡು ‘ಲವ್ ಮಿ ಡು’. 1962ರ ಸೆಪ್ಟೆಂಬರ್ 4ರಂದು ರಿಂಗೊ ಸ್ಟಾರ್ ಡ್ರಮ್ ನುಡಿಸಿದ ಪಾಠವೊಂದು. ಅದೇ ತಿಂಗಳ 11ರಂದು ಆಂಡಿ ವೈಟ್ ಡ್ರಮ್ಮಿಗೆ ಕುಳಿತು, ಸ್ಟಾರ್ ಟ್ಯಾಂಬರಿನ್ ಹಿಡಿದ ಪಾಠ ಇನ್ನೊಂದು. ಟ್ಯಾಂಬರಿನ್ನಿನ ಕಿಣಿಕಿಣಿ ಕೇಳಿಸಿದರೆ ಅದು ಎರಡನೆಯದೆಂದು ತಿಳಿಯಬೇಕು; ಇದಕ್ಕಿಂತ ಸ್ಪಷ್ಟವಾದ ಆಂತರಿಕ ಪ್ರಮಾಣ ಬೇಕಿಲ್ಲ. ಮೊದಲ ಮುದ್ರಣದ ಸಿಂಗಲ್ಲಿನಲ್ಲಿ ಬಂದದ್ದು ಮೊದಲನೆಯ ಪಾಠ, ಎಲ್.ಪಿ.ಯಲ್ಲಿ ನಿಂತದ್ದು ಎರಡನೆಯದು. ಮೊದಲನೆಯದರ ಮೂಲ ಟೇಪು ಉಳಿದಿಲ್ಲ. ಆದುದರಿಂದ ‘ಮಾಸ್ಟರ್ಸ್’ ಎಂಬ ಹೆಸರಿನ ಈ ಸಂಗ್ರಹದ ಮೊಟ್ಟಮೊದಲ ಹಾಡನ್ನು ಹಳೆಯ ತಟ್ಟೆಯೊಂದರಿಂದ ನಕಲು ಮಾಡಬೇಕಾಯಿತು. ಜರ್ಮನ್ ಪಾಠಗಳ ಕಥೆಯೂ ಇಂಥದೇ. ಇಂಗ್ಲಿಷ್ ಹಾಡುಗಳು ತಮ್ಮಲ್ಲಿ ಮಾರಾಟವಾಗವೆಂದು ಪಶ್ಚಿಮ ಜರ್ಮನಿಯ ಶಾಖೆಯವರು ಹಟ ಹಿಡಿದುದರಿಂದ 1964ರ ಜನವರಿ 29ರಂದು ಪ್ಯಾರಿಸ್ಸಿನಲ್ಲಿ ಎರಡು ಹಾಡುಗಳನ್ನು ಜರ್ಮನಿನಲ್ಲಿ ಹಾಡಿದರು. ಒಂದಕ್ಕೆ ಹಳೆಯ ವಾದ್ಯಭಾಗವೇ ಸಾಕಾಯಿತು. ‘ಷೀ ಲವ್ಸ್ ಯೂ’ವಿನ ಮೂಲ ಟೇಪು ಅಷ್ಟರಲ್ಲಿಯೇ ಇಲ್ಲವಾಗಿದ್ದುದರಿಂದ ಅದನ್ನು ಪೂರ್ತಿಯಾಗಿ ಹೊಸದಾಗಿ ನುಡಿಸಬೇಕಾಯಿತು. ಹಾಡು ಹೊರಬಂದು ಆರು ತಿಂಗಳೂ ಕಳೆದಿರಲಿಲ್ಲ! ತಾಳೆಗರಿಗೆ ಗೆದ್ದಲು ಹಿಡಿಯುವುದಕ್ಕೆ ಇದಕ್ಕಿಂತ ಹೆಚ್ಚು ಕಾಲ ಬೇಕು.

‘ಹೇ ಜೂಡ್’ ಹಾಡಿನ ಹಿಂಬದಿಯಲ್ಲಿ ಬಂದ ‘ರೆವಲ್ಯೂಷನ್’ ಇನ್ನೂ ಜಟಿಲ. ಲೆನನ್ 1968ರ ಮೇ ತಿಂಗಳ ಕೊನೆಯಲ್ಲಿ ನಿಧಾನಗತಿಯ ಪಾಠವನ್ನು ಮುದ್ರಿಸಿ ಅದೇ ಸಿಂಗಲ್ ಆಗಬೇಕೆಂದರು. ಗತಿ ಸಾಲದೆಂದು ಉಳಿದವರು ಒಪ್ಪಲಿಲ್ಲ. ಜುಲೈಯಲ್ಲಿ ವೇಗವಾದ, ಗಿಟಾರಿನ ದನಿ ಒಡೆದು ಕರ್ಕಶವಾಗುವಂತೆ ಮಾಡಿದ ಪಾಠ ಸಿದ್ಧವಾಗಿ ಆಗಸ್ಟಿನಲ್ಲಿ ಹೊರಬಂದಿತು. ನಿಧಾನದ್ದು ನವೆಂಬರಿನ ಎಲ್.ಪಿ.ಯಲ್ಲಿ ಬಂದಿತು. ಮೊದಲು ರಚಿತವಾದದ್ದು ನಂತರ ಪ್ರಕಟವಾಯಿತೆಂಬುದನ್ನು ಮರೆತರೆ ಅರ್ಥವೇ ತಲೆಕೆಳಗಾಗುತ್ತದೆ. ಏಕೆಂದರೆ ವೇಗದ ಪಾಠದಲ್ಲಿ ಹಿಂಸಾಮಾರ್ಗದ ಸ್ಪಷ್ಟ ನಿರಾಕರಣೆಯಿದೆ. ನಿಧಾನದ ಪಾಠದಲ್ಲಿ ನಿರಾಕರಣೆಯ ಬೆನ್ನಿಗೇ ಒಪ್ಪಿಗೆಯ ಮಾತೊಂದು ನುಸುಳಿದೆ. ಪ್ರಕಟಣೆಯ ಕ್ರಮವನ್ನು ನಂಬಿದರೆ ಲೆನನ್ ದೃಢತೆಯಿಂದ ಸಂದೇಹಕ್ಕೆ ಜಾರಿದರೆನ್ನಬೇಕಾಗುತ್ತದೆ. ಮುದ್ರಣದ ಕ್ರಮವನ್ನು ನೋಡಿದರೆ ಸಂದೇಹದಿಂದ ದೃಢತೆಗೆ ಬಂದರು. ‘ಲೆಟ್ ಇಟ್ ಬಿ’ಯಲ್ಲಿಯೂ ಎರಡು ಪಾಠಗಳಿವೆ, ಅಲ್ಲಿ ತಳಹದಿ ಒಂದೇ, ಮೇಲೆ ಕೂಡಿಸಿದ ಗಿಟಾರ್ ಭಾಗ ಬೇರೆ ಬೇರೆ. ‘ಅಕ್ರಾಸ್ ದಿ ಯೂನಿವರ್ಸ್’ ಹಾಡನ್ನು 1969ರಲ್ಲಿ ವನ್ಯಜೀವಿ ನಿಧಿಯ ಸಹಾಯಾರ್ಥ ಸಂಕಲನಕ್ಕಾಗಿ ಹಕ್ಕಿಗಳ ಸದ್ದು ಸೇರಿಸಿ ವೇಗ ಹೆಚ್ಚಿಸಿದರು, ಮರುವರ್ಷ ಎಲ್.ಪಿ.ಗಾಗಿ ಫಿಲ್ ಸ್ಪೆಕ್ಟರ್ ಅದನ್ನೇ ನಿಧಾನಗೊಳಿಸಿ ವಾದ್ಯಮೇಳವನ್ನು ಹೊದಿಸಿದರು. ಹಕ್ಕಿಗಳ ಪಾಠ ನಮಗೆ ದಕ್ಕುವುದು ಈ ಸಂಗ್ರಹದಲ್ಲಿ.

ಇಷ್ಟನ್ನು ಉಳಿಸಿಕೊಟ್ಟ ಸಂಗ್ರಹ ಒಂದನ್ನು ಒಡೆದಿದೆ. ಸಿಂಗಲ್ ಎಂಬುದು ಎರಡು ಹಾಡುಗಳ ಜೋಡಿ. ತಟ್ಟೆಯನ್ನು ಮಗುಚಿ ಹಾಕುವವನಿಗೆ ಒಂದರ ಕಿವಿಯಲ್ಲಿ ಇನ್ನೊಂದು ಕೇಳುತ್ತಿತ್ತು. ಮುಂಬದಿಯ ಹಾಡು ಎಲ್.ಪಿ.ಯಲ್ಲಿಯೂ ಇದ್ದರೆ ಇಲ್ಲಿ ಹಿಂಬದಿಯದೊಂದೇ ಬಂದು ನಿಂತಿದೆ. ‘ಹೆಲ್ಪ್!’ ಹಾಡಿನ ಸಂಗಾತಿಯಾದ ‘ಐ ಆಮ್ ಡೌನ್’ ಹೀಗೆ ಒಂಟಿಯಾದದ್ದು. ಅದನ್ನು ಮೆಕಾರ್ಟ್ನಿ ಗಂಟಲು ಹರಿಯುವಂತೆ ಕೂಗಿ ಹಾಡಿದ್ದು 1965ರ ಜೂನ್ 14ರಂದು. ಅದೇ ದಿನ ಅದೇ ಕಂಠ ಮೃದುವಾಗಿ ‘ಎಸ್ಟರ್‌ಡೇ’ಯನ್ನೂ ಹಾಡಿತು. ಒಂದು ದಿನದ ಕೆಲಸದಲ್ಲಿ ಒಂದು ಎಲ್.ಪಿ.ಯೊಳಗೆ ಸೇರಿ ವಿಶ್ವವಿಖ್ಯಾತವಾಯಿತು. ಇನ್ನೊಂದು ಶೇಷಕ್ಕೆ ಬಂದಿತು. ಎರಡನ್ನೂ ಒಟ್ಟಿಗೆ ಕೇಳಲು ಇಂದಿನ ಕೇಳುಗ ಎರಡು ಡಿಸ್ಕುಗಳನ್ನು ತೆರೆಯಬೇಕು.

2009ರಲ್ಲಿ ಕೃತಿಸಮೂಹವನ್ನು ಪುನಃ ಶುದ್ಧೀಕರಿಸಿ ಹೊರತಂದಾಗ ಎರಡು ಸಂಪುಟಗಳು ಒಂದಾದವು. ಅದೇ ಕಾಲಕ್ಕೆ ಮಾನೊ ಪಾಠಗಳನ್ನಷ್ಟೇ ಒಳಗೊಂಡ ಪ್ರತ್ಯೇಕ ಪೆಟ್ಟಿಗೆಯೊಂದು ಬಂದಿತು. ಅದರ ಶೇಷಸಂಗ್ರಹಕ್ಕೆ ‘ಮಾನೊ ಮಾಸ್ಟರ್ಸ್’ ಎಂದು ಹೆಸರು. ಮಾನೊ ಮಿಶ್ರಣವನ್ನೇ ಮಾಡದಿದ್ದ ‘ದಿ ಬ್ಯಾಲಡ್ ಆಫ್ ಜಾನ್ ಅಂಡ್ ಯೋಕೊ’, ‘ಓಲ್ಡ್ ಬ್ರೌನ್ ಷೂ’, ‘ಲೆಟ್ ಇಟ್ ಬಿ’ ಈ ಮೂರು ಅಲ್ಲಿಂದ ಜಾರಿದವು. ಪೆಟ್ಟಿಗೆಯಲ್ಲಿ ‘ಯೆಲ್ಲೊ ಸಬ್‌ಮರೀನ್’ ಎಲ್.ಪಿ.ಗೆ ಸ್ಥಾನವಿಲ್ಲದ್ದರಿಂದ ಅದರ ನಾಲ್ಕು ಹಾಡುಗಳು ಹೊಸದಾಗಿ ಶೇಷದೊಳಕ್ಕೆ ಬಂದವು. ಹಿಂಬದಿಯ ಹನ್ನೆರಡರಲ್ಲಿ ಹನ್ನೊಂದು ಎರಡು ಸಂಗ್ರಹಗಳಲ್ಲಿಯೂ ಇವೆ.