ಹೊಗೆ ನಿಂತರೆ ದೋಷ ಹೋಯಿತೇ?

ಅಂಕೋಲೆಯಿಂದ ಹೊರಟ ಡೀಸೆಲ್ ಕಾರೊಂದು ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಕಿರವತ್ತಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಏರಿನುದ್ದಕ್ಕೂ ಎಂಜಿನ್ ಎಳೆಯಲಿಲ್ಲ. ಹಿಂದೆ ಕಪ್ಪು ಹೊಗೆ. ‘ಇ.ಜಿ.ಆರ್. ವಾಲ್ವ್ ಕೆಟ್ಟಿದೆ, ತಗಡು ಕೊಟ್ಟು ಮುಚ್ಚಿಬಿಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಒಪ್ಪುವ ಮುನ್ನ ಆ ವಾಲ್ವಿನ ಕೆಲಸವೇನೆಂದು ನೋಡೋಣ.

ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಸಾಮಾನ್ಯವಾಗಿ ಅದು ಯಾರ ಗೊಡವೆಗೂ ಹೋಗದು. ಆದರೆ ಸಿಲಿಂಡರಿನೊಳಗಿನ ಉಷ್ಣತೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಆಮ್ಲಜನಕದೊಡನೆ ವೇಗವಾಗಿ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಇವು ಶ್ವಾಸಕೋಶಕ್ಕೆ ಹಾನಿಕರ. ಇದನ್ನು ತಗ್ಗಿಸಲು, ಉರಿದು ಹೊರಬಂದ ಅನಿಲದ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಬಿಡುತ್ತಾರೆ. ಅದರಲ್ಲಿ ಆಮ್ಲಜನಕ ಕಡಿಮೆ. ಶಾಖ ಹೀರುವ ಇಂಗಾಲದ ಡೈಆಕ್ಸೈಡ್, ನೀರಾವಿ ಹೆಚ್ಚು. ಹಾಗಾಗಿ ಉರಿಯ ತಾಪ ಇಳಿಯುತ್ತದೆ. ಈ ಅನಿಲವನ್ನು ಯಾವಾಗ, ಎಷ್ಟು ಬಿಡಬೇಕೆಂದು ಕಾಯುವ ಬಾಗಿಲೇ ಇ.ಜಿ.ಆರ್. ವಾಲ್ವ್. ಏರಿನಲ್ಲಿ ಪೂರ್ತಿ ಭಾರ ಎಳೆಯುವಾಗ ಅದು ಬಹುಮಟ್ಟಿಗೆ ಮುಚ್ಚಿರಬೇಕು.

ಮಸಿ ಮೆತ್ತಿ ಅದು ತೆರೆದೇ ಉಳಿದರೆ ಆಮ್ಲಜನಕ ಸಾಲದೆ ಡೀಸೆಲ್ ಅರೆಬರೆ ಉರಿದು ಕಪ್ಪು ಹೊಗೆಯಾಗುತ್ತದೆ. ಪೆಟ್ರೋಲ್ ಎಂಜಿನ್ನಾದರೆ ಐಡ್ಲಿಂಗಿನಲ್ಲಿ ನಡುಗುತ್ತದೆ, ಆರಿಹೋಗಲೂಬಹುದು. ಮುಚ್ಚಿಯೇ ಉಳಿದರೆ? ಪೆಟ್ರೋಲ್ ಎಂಜಿನ್ ಕೆಲವೊಮ್ಮೆ ಟಕಟಕ ಸದ್ದು ಮಾಡೀತು. ಡೀಸೆಲ್ ಎಂಜಿನ್ ಚಾಲಕನಿಗೆ ಏನನ್ನೂ ಹೇಳದೆ ಇರಬಹುದು. ಮೋಸವಿರುವುದು ಇಲ್ಲೇ.

ಇನ್ನು ತಪಾಸಣೆ. ಏರ್ ಫಿಲ್ಟರ್ ಕಟ್ಟಿದ್ದರೂ, ಟರ್ಬೊ ಕೊಳವೆ ಸೋರಿದರೂ, ಇಂಜೆಕ್ಟರ್ ಕೆಟ್ಟಿದ್ದರೂ ಅದೇ ಕಪ್ಪು ಹೊಗೆ ಬರುತ್ತದೆ. ಆದ್ದರಿಂದ ಮೊದಲು ಅವನ್ನು ನೋಡಿ, ನಂತರ ಸ್ಕ್ಯಾನರ್ ಜೋಡಿಸಬೇಕು. ಪಿ 0401 ಎಂಬ ಸಂಕೇತ ಬಂದರೆ ಮರಳುವ ಅನಿಲ ಸಾಲದು ಎಂದರ್ಥ. ಪಿ 0402 ಎಂದರೆ ವಿಪರೀತವಾಗಿದೆ. ಗಮನಿಸಿ, ಇವು ಸ್ಥಿತಿಯನ್ನು ಹೇಳುತ್ತವೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದಲ್ಲ. ಭಾಗವನ್ನು ಹುಡುಕಲು ಎಂಜಿನ್ ಓಡುತ್ತಿರುವಾಗ ಸ್ಕ್ಯಾನರಿನಿಂದಲೇ ವಾಲ್ವಿಗೆ ‘ತೆರೆ’ ಎಂದು ಆಜ್ಞೆ ಕೊಡಬೇಕು. ಮರಳಿದ ಅನಿಲ ಜಾಗ ಹಿಡಿಯುವುದರಿಂದ ಎಂಜಿನ್ ಸೇದುವ ಹೊಸ ಗಾಳಿಯ ಅಂಕಿ ಇಳಿಯಬೇಕು. ವಾಲ್ವಿನ ಸ್ಥಾನವೇ ಬದಲಾಗದಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ, ಇಲ್ಲವೇ ಅದರ ಮೋಟಾರು, ವೈರು ಕೆಟ್ಟಿದೆ. ಸ್ಥಾನ ಬದಲಾಗಿಯೂ ಗಾಳಿಯ ಅಂಕಿ ಕದಲದಿದ್ದರೆ ಅನಿಲದ ದಾರಿ ಮಸಿಯಿಂದ ಕಟ್ಟಿರಬಹುದು. ಗಾಳಿ ಅಳೆಯುವ ಸೆನ್ಸರನ್ನೂ ಪರೀಕ್ಷಿಸಬೇಕು.

ತಗಡು ಕೊಟ್ಟರೆ ಹೊಗೆ ನಿಲ್ಲಬಹುದು, ನಿಜ. ಪಿ.ಯು.ಸಿ. ಪತ್ರವೂ ಸಿಕ್ಕೀತು, ಏಕೆಂದರೆ ಡೀಸೆಲ್ ವಾಹನದ ಆ ಪರೀಕ್ಷೆ ಹೊಗೆಯ ದಟ್ಟಣೆಯನ್ನು ಅಳೆಯುತ್ತದೆ, ನೈಟ್ರೋಜನ್ ಆಕ್ಸೈಡನ್ನಲ್ಲ. ಆದರೆ ಭಾರತ್ ಸ್ಟೇಜ್ 4ರಲ್ಲಿ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 250 ಮಿಲಿಗ್ರಾಂ ಇದ್ದ ಆ ಅನಿಲದ ಮಿತಿಯನ್ನು 2020ರ ಏಪ್ರಿಲ್ 1ರಿಂದ ಜಾರಿಯಾದ ಸ್ಟೇಜ್ 6 80ಕ್ಕೆ ಇಳಿಸಿತು. ತಗಡು ಕೊಟ್ಟವರು ಅದನ್ನು ಮತ್ತೆ ರಸ್ತೆಗೆ ಬಿಡುತ್ತಾರೆ.

ಬರೀ ಮಸಿಯಾದರೆ ವಾಲ್ವ್ ಬಿಚ್ಚಿ ಶುಚಿಗೊಳಿಸಿದರೆ ಸಾಕಾಗಬಹುದು. ಮೋಟಾರಿನ ಭಾಗವನ್ನು ಮಾತ್ರ ದ್ರಾವಕದಲ್ಲಿ ಅದ್ದಬಾರದು. ಮರಳಿ ಜೋಡಿಸಿದ ಮೇಲೆ ಹಳೆಯ ಸಂಕೇತ ಅಳಿಸಿ, ಅದೇ ‘ತೆರೆ’ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಗಾಳಿಯ ಅಂಕಿ ಇಳಿಯುತ್ತದೆಯೇ ನೋಡಿ.