51 ಬಗ್ಗುತ್ತದೆ, 53 ಬಗ್ಗುವುದಿಲ್ಲ

ಲಗ್ಗೆರೆಯಿಂದ ಪೀಣ್ಯದ ಕಡೆಗೆ ಒಳರಸ್ತೆ ಹಿಡಿದರೆ ಕೆಳಗೆ ಲೇತು, ಮಿಲ್ಲಿಂಗ್ ಮಷಿನ್ನು, ಮೇಲೆ ಬಾಡಿಗೆ ಮನೆ ಇರುವ ಶೆಡ್ಡುಗಳು ಸಿಗುತ್ತವೆ. ಹಲ್ಲು ಮುರಿದ ಗೇರೊಂದು ಇಂಥ ಶೆಡ್ಡಿಗೆ ಬಂದರೆ ಮೊದಲು ಅದರ ಹಲ್ಲು ಎಣಿಸಬೇಕು. ಹೊಸದನ್ನು ಕೊರೆಯುವುದು ಸುಲಭವೋ ತಲೆನೋವೋ ಎಂಬುದು ಆ ಎಣಿಕೆಯಲ್ಲೇ ತೀರ್ಮಾನವಾಗುತ್ತದೆ. ಐದನೇ ತರಗತಿಯಲ್ಲಿ ಕಲಿತು ಮರೆತ ಅಪವರ್ತನ, ಅಪವರ್ತ್ಯಗಳೇ ಅಲ್ಲಿ ಕಬ್ಬಿಣದ ರೂಪದಲ್ಲಿ ಕೂತಿರುತ್ತವೆ.

ಮಿಲ್ಲಿಂಗ್ ಮಷಿನ್ನಿನ ಮೇಲೆ ಕೂರುವ ಡಿವೈಡಿಂಗ್ ಹೆಡ್‌ನ ಹ್ಯಾಂಡಲ್ಲನ್ನು 40 ಸುತ್ತು ತಿರುಗಿಸಿದರೆ ಜಾಬ್, ಅಂದರೆ ಹಲ್ಲು ಕೊರೆಯಬೇಕಾದ ತುಂಡು, ಒಂದು ಸುತ್ತು ತಿರುಗುತ್ತದೆ. 20 ಹಲ್ಲು ಬೇಕೆಂದರೆ ಹಲ್ಲಿಗೆ ಎರಡು ಸುತ್ತು, ಮುಗಿಯಿತು. 28 ಹಲ್ಲಾದರೆ? 40ನ್ನು 28ರಿಂದ ಭಾಗಿಸಿದಾಗ ಒಂದು ಪೂರ್ತಿ ಸುತ್ತು, ಮೇಲೆ 3/7 ಸುತ್ತು. ಈ ಏಳನೇ ಮೂರು ಪಾಲು ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ಅದಕ್ಕೇ ಇಂಡೆಕ್ಸ್ ಪ್ಲೇಟು. ಈ ಬಿಲ್ಲೆಯ ಮೇಲೆ ವೃತ್ತ ವೃತ್ತವಾಗಿ ಸಮ ಅಂತರದ ತೂತುಗಳಿರುತ್ತವೆ. 21 ತೂತಿನ ವೃತ್ತ ಆರಿಸಿಕೊಂಡು ಒಂದು ಸುತ್ತಿನ ಮೇಲೆ 9 ತೂತು ಮುಂದೆ ಹೋದರೆ ಸರಿಯಾಗಿ 3/7. 21 ಎಂಬುದು 7ರ ಅಪವರ್ತ್ಯವಾದ್ದರಿಂದ ಇದು ಸಾಧ್ಯವಾಯಿತು.

ಬ್ರೌನ್ ಅಂಡ್ ಶಾರ್ಪ್ ಮಾದರಿಯ ಮೂರು ಪ್ಲೇಟುಗಳ ತೂತಿನ ಲೆಕ್ಕ ನೋಡಿ: ಮೊದಲನೆಯದರಲ್ಲಿ 15, 16, 17, 18, 19, 20, ಎರಡನೆಯದರಲ್ಲಿ 21, 23, 27, 29, 31, 33, ಮೂರನೆಯದರಲ್ಲಿ 37, 39, 41, 43, 47, 49. ಹದಿನೇಳರಿಂದ ನಲವತ್ತೇಳರವರೆಗಿನ ಅವಿಭಾಜ್ಯ ಸಂಖ್ಯೆಗಳು ಒಂದೂ ಬಿಡದೆ ಇಲ್ಲಿವೆ! ಸಂಯುಕ್ತ ಸಂಖ್ಯೆಗಳನ್ನು ಒಡೆದು ಸಂಭಾಳಿಸಬಹುದು. ಅವಿಭಾಜ್ಯಕ್ಕೆ ಅದರದೇ ವೃತ್ತ, ಇಲ್ಲವೇ ಅದರ ಅಪವರ್ತ್ಯದ ವೃತ್ತ ಬೇಕೇ ಬೇಕು. ಹೀಗಾಗಿ 50 ಹಲ್ಲಿನವರೆಗೆ ಯಾವುದೂ ಕೈಕೊಡುವುದಿಲ್ಲ.

ಮೊದಲ ತೊಡಕು 51. ನೋಡಲು ಅವಿಭಾಜ್ಯದಂತಿದ್ದರೂ ಅಂಕಿಗಳ ಮೊತ್ತ 6, ಆದ್ದರಿಂದ 3ರಿಂದ ಭಾಗವಾಗುತ್ತದೆ: 3 × 17. ಪ್ಲೇಟಿನಲ್ಲಿ 51ರ ವೃತ್ತವಿಲ್ಲ. ಆದರೆ 40/51 ಅಂದರೆ 2/3 ಮತ್ತು 2/17ರ ಮೊತ್ತ. ಆದ್ದರಿಂದ 15ರ ವೃತ್ತದಲ್ಲಿ ಹ್ಯಾಂಡಲ್ಲನ್ನು 10 ತೂತು ನಡೆಸಿ, ಬಳಿಕ ಪ್ಲೇಟು, ಹ್ಯಾಂಡಲ್ ಎರಡನ್ನೂ ಸೇರಿಸಿ ಅದೇ ದಿಕ್ಕಿಗೆ 17ರ ವೃತ್ತದಲ್ಲಿ 2 ತೂತು ತಿರುಗಿಸಿದರೆ ಒಂದು ಹಲ್ಲಿನ ಜಾಗ ಸಿದ್ಧ. ಛೇದಗಳ ಲ.ಸಾ.ಅ. ಹಿಡಿದು ಭಿನ್ನರಾಶಿ ಕೂಡಿಸುವ ಈ ಲೆಕ್ಕವನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾನೆ.

53ಕ್ಕೆ ಈ ಉಪಾಯ ನಡೆಯದು. ಅದು ಅವಿಭಾಜ್ಯವೆಂದು ತಿಳಿಯಲು 52ರವರೆಗೆ ಭಾಗಿಸುತ್ತ ಕೂರಬೇಕಿಲ್ಲ. 8 × 8 = 64, ಅದು 53ನ್ನು ಮೀರಿತು; ಆದ್ದರಿಂದ 2, 3, 5, 7 ಇಷ್ಟೇ ಸಾಕು. ದೊಡ್ಡ ಅಪವರ್ತನವೊಂದು ಇದ್ದಿದ್ದರೆ ಅದರ ಜೊತೆಗಾರ ಈ ಸಣ್ಣವುಗಳಲ್ಲೇ ಸಿಕ್ಕಿಬೀಳುತ್ತಿತ್ತು. ಇವುಗಳಲ್ಲಿ ಯಾವುದರಿಂದಲೂ 53 ಭಾಗವಾಗುವುದಿಲ್ಲ, ಒಡೆಯುವ ಮಾತೇ ಇಲ್ಲ. ಆಗ ಪ್ಲೇಟನ್ನೇ ಗೇರುಗಳ ಮೂಲಕ ಜಾಬ್ ತಿರುಗಿಸುವ ಸ್ಪಿಂಡಲ್ಲಿಗೆ ಜೋಡಿಸಿ, ಹ್ಯಾಂಡಲ್ಲಿನ ಜೊತೆ ಅದೂ ಚೂರು ಸರಿಯುವಂತೆ ಮಾಡುವ ಡಿಫರೆನ್ಷಿಯಲ್ ಇಂಡೆಕ್ಸಿಂಗ್‌ಗೆ ಮೊರೆಹೋಗಬೇಕು. ಜೋಡಿಸಲು ಸಮಯ, ಕೂಲಿ ಎರಡೂ ಜಾಸ್ತಿ.

ಹಾಗಾದರೆ 53 ಹಲ್ಲು ಯಾರಿಗೆ ಬೇಕು? ಗೇರುಬಾಕ್ಸ್ ವಿನ್ಯಾಸ ಮಾಡುವವರಿಗೆ. 20 ಹಲ್ಲಿನ ಗೇರು 50 ಹಲ್ಲಿನದರ ಜೊತೆ ಓಡಿದರೆ ಲ.ಸಾ.ಅ. 100, ಸಣ್ಣ ಗೇರಿನ ಐದೇ ಸುತ್ತಿಗೆ ಅದೇ ಎರಡು ಹಲ್ಲು ಮತ್ತೆ ಮುಖಾಮುಖಿ. ಒಂದರಲ್ಲಿ ಊನವಿದ್ದರೆ ಪಾಪದ ಇನ್ನೊಂದು ಸವೆಯುತ್ತದೆ. 53 ಹಾಕಿದರೆ ಲ.ಸಾ.ಅ. 1060, ಮರುಭೇಟಿ 53 ಸುತ್ತಿನ ನಂತರ. ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ.

ದೊಡ್ಡ ಸಂಖ್ಯೆಗಳ ಅವಿಭಾಜ್ಯತೆಯನ್ನು ಖಚಿತವಾಗಿ, ಬೇಗ ಪರೀಕ್ಷಿಸುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಶೆಡ್ಡಿನ ಕೆಲಸಕ್ಕೆ ಅಷ್ಟು ಬೇಡ, ಏಳರ ಮಗ್ಗಿ ಸಾಕು. ಸಿಎನ್‌ಸಿ ಯಂತ್ರಗಳು ಬಂದಮೇಲೂ ಐಟಿಐ ಮಷಿನಿಸ್ಟ್ ಪಠ್ಯದಲ್ಲಿ ಇಂಡೆಕ್ಸಿಂಗ್ ಲೆಕ್ಕ ಉಳಿದಿದೆ. 77 ಹಲ್ಲು ಕೊರೆಯಲು ಎರಡನೇ ಪ್ಲೇಟಿನ 21 ಮತ್ತು 33ರ ವೃತ್ತಗಳು ಸಾಕು. ಯಾವುದರಲ್ಲಿ ಎಷ್ಟು ತೂತು ಎಂದು ನೀವೇ ಹಾಕಿ ನೋಡಿ.